ಮೂರು ಹಲ್ಲಿನ ಬಿಲ್ಲೆ

1966 ಅಕ್ಟೋಬರ್ 16, ಭಾನುವಾರ. ಸಾಗರ

…ಸರಪಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ ಎಂದೇನೋ ಅನ್ನುತ್ತಿದ್ದರು, ಟ್ರೈನಿಂಗಿನಲ್ಲಿ ನಮಗೆ ಸರ್ವೆ ಕಲಿಸಿದವರು. ಅದರ ಮುಂದೆ ಇನ್ನೊಂದು ಮಾತಿತ್ತು. ಇವತ್ತು ಬೆಳಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಬರುತ್ತಿಲ್ಲ.

ಸುಬ್ಬಪ್ಪನ ಹಾಯಿದೋಣಿಯಲ್ಲಿ ಕೂತು ಲಂಗರಿನ ಸರಪಳಿಗೆ ಗುರುತು ಹಾಕಿದೆ. ನೂರು ಅಡಿ. ಅಣೆಕಟ್ಟಿನ ಪ್ರಾಜೆಕ್ಟ್ ಸ್ಟೋರಿನ ಗುಜರಿಯಿಂದ ತಂದದ್ದು. ಹಗ್ಗ ಕಟ್ಟಿದರೆ ಮುಳುಗಿದ ಮರದ ಕೊರಡುಗಳಿಗೆ ಸಿಕ್ಕಿ ತುಂಡಾಗುತ್ತದೆ, ಈ ಹಿನ್ನೀರಿನಲ್ಲಿ ಸರಪಳಿಯೇ ಗತಿ. ಎಷ್ಟು ಅಡಿ ನೀರಿಗೆ ಇಳಿಯಿತು ಎಂದು ತಿಳಿಯಬೇಕಲ್ಲ. ಬಣ್ಣ ನಿಲ್ಲುವುದಿಲ್ಲ. ಜಮೀನು ಅಳೆಯುವ ನಮ್ಮ ಮೋಜಿಣಿ ಸರಪಳಿಗೆ ಇರುವ ಹಾಗೆ ಹಿತ್ತಾಳೆ ಬಿಲ್ಲೆ ಕಟ್ಟಿದೆ. ಹತ್ತು ಅಡಿಗೆ ಒಂದು ಹಲ್ಲಿನದು, ಇಪ್ಪತ್ತಕ್ಕೆ ಎರಡು ಹಲ್ಲು, ಹೀಗೆ ನಾಲ್ಕರವರೆಗೆ. ನಡುವಿನ ಐವತ್ತಕ್ಕೆ ದುಂಡನೆಯದು. ಅಲ್ಲಿಂದ ಮತ್ತೆ ನಾಲ್ಕು, ಮೂರು, ಎರಡು, ಒಂದು. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಇಪ್ಪತ್ತು ವರ್ಷದ ಕೈ. ಯೋಚನೆ ಮಾಡಬೇಕಾಗಿಯೇ ಬರಲಿಲ್ಲ.

ಆಫೀಸಿನ ಗಣೇಶಮೂರ್ತಿ ದಡದಲ್ಲಿ ಸಿಕ್ಕ. "ಎಂತ ಮಾರಾಯ, ನೀರಿಗೂ ಸರ್ವೆ ನಂಬರ್ ಕೊಡ್ತ್ಯನೋ?" ನಕ್ಕೆ.

ಯಾಕೆ ಹೋಗುತ್ತೇನೆ ಅಲ್ಲಿಗೆ? ರಜೆಯ ದಿನ ಬೇರೆ ಕೆಲಸವಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಸುಬ್ಬಪ್ಪನ ಮನೆ, ಗದ್ದೆ ಎಲ್ಲವನ್ನೂ ಮುಳುಗಡೆಗೆಂದು ಅಳೆದು ಕೊಟ್ಟವನು ನಾನು. ಅವನು ಒಮ್ಮೆಯೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ಹೋಗುವುದನ್ನು ಬಿಡುತ್ತಿದ್ದೆನೋ ಏನೋ.

ಅಕ್ಟೋಬರ್ 23

ಸುಬ್ಬಪ್ಪನ ತಾಯಿ ಕೆರಿಯಮ್ಮ ಜಗಲಿಯಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಿದ್ದಳು. ಭೂಮಿ ಹುಣ್ಣಿಮೆ ಬಂತು. ಪೈರು ಹೊತ್ತ ಗದ್ದೆ ಬಸುರಿ ಹೆಂಗಸು ಎಂದು ಇವರ ಲೆಕ್ಕ. ಬೆಳಕು ಹರಿಯುವ ಮುಂಚೆ ಹೋಗಿ ಅದಕ್ಕೆ ಉಣ್ಣಿಸಿ ಬರಬೇಕು.

"ಈ ವರ್ಸ ನಮ್ಮ ಗದ್ದೆಗೇ ಹೋಗ್ಬೇಕು ಅಯ್ಯಾ," ಅಂದಳು. "ಎರಡು ವರ್ಸ ಮಂದಿ ಗದ್ದೇಲಿ ಎಡೆ ಇಟ್ಟೆ. ಅದು ಹಸ್ಕೊಂಡು ಕೂತಿರ್ತದೆ."

"ಗದ್ದೆ ನೀರಿನ ಕೆಳಗೆ ಇದೆಯಲ್ಲಮ್ಮ."

"ಇದ್ರೆ ಇರ್ಲಿ. ಮಗಳನ್ನ ದೂರ ಕೊಟ್ಟೆ ಅಂತ ಬಯಕೆ ಊಟ ಹಾಕ್ದೇ ಇರ್ತಾರಾ? ಎಲ್ಲೈತೆ ಅಂತ ನಿಮಗೆ ಗೊತ್ತಲ್ಲ. ನೀವೇ ಅಳ್ದಿದ್ದು."

ಅವಳ ಸೊಸೆ ದುಗ್ಗಮ್ಮ ಒಳಗಿನಿಂದ, "ಅತ್ತೆ, ಸುಮ್ನಿರಿ," ಅಂದಳು. ಮುದುಕಿಯ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಎದುರಿಸುವುದು ಸುಲಭವಾಗುತ್ತಿತ್ತು.

ಮಧ್ಯಾಹ್ನ ಕಂಪಾಸ್ ತಂದು, ಎರಡು ಗುಡ್ಡದ ನೆತ್ತಿ ಹಿಡಿದು ಜಾಗ ಹುಡುಕಿದೆವು. ಸಿಕ್ಕಿತು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರೆ ಇಪ್ಪತ್ತೈದು ಅಡಿ ನೀರು. ಆ ಹಗ್ಗಕ್ಕೇ ಬಿದಿರಿನ ತೆಪ್ಪ ಒಂದನ್ನು ಕಟ್ಟಿ ಗುರುತಿಗೆ ಬಿಟ್ಟೆವು. ಪೂಜೆ ಮುಗಿಯುವವರೆಗೆ ದೋಣಿ ಅಲುಗಬಾರದು. ಆಳದ ಸುಮಾರು ಮೂರು ಪಟ್ಟು ಸರಪಳಿ ಬಿಟ್ಟರೆ ಅದರ ಭಾರಕ್ಕೆ ಲಂಗರು ನೆಲ ಕಚ್ಚಿ ಮಲಗುತ್ತದೆ. ಕಡಿಮೆ ಬಿಟ್ಟರೆ ಗಾಳಿ ಎತ್ತಿಬಿಡುತ್ತದೆ. ಎಪ್ಪತ್ತು ಅಡಿ ಸಾಕು.

ಅಕ್ಟೋಬರ್ 28, ಸಂಜೆ

ಲಂಗರು ಬಿಡುವವನು ಭೂತಪ್ಪ, ದುಗ್ಗಮ್ಮನ ತಮ್ಮ. ಮೂವತ್ತರ ಆಸುಪಾಸು, ಮದುವೆಯಿಲ್ಲ, ಅಕ್ಕನ ಮನೆಯಲ್ಲೇ ಇದ್ದಾನೆ. ಸಂಜೆಗೆ ಸ್ವಲ್ಪ ಹಾಕುತ್ತಾನೆ. ಭಾವನ ಬೈಗುಳಕ್ಕೆ ನಗುತ್ತಾನೆ.

ಸರಪಳಿಯ ದೋಣಿ ಕಡೆಗಿನ ತುದಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನಿಗೆ ತೋರಿಸಿದೆ. "ನೋಡು, ಮೂರು ಹಲ್ಲಿನ ಬಿಲ್ಲೆ. ಇದು ಕೈಗೆ ಬಂದಾಗ ನಿಲ್ಲಿಸು. ಆಗ ಎಪ್ಪತ್ತು ಹೋಗಿರುತ್ತೆ."

"ಮೂರು ಹಲ್ಲು. ನಮ್ಮ ಕೆರಿಯತ್ತೆ ಬಾಯಲ್ಲಿ ಇರೋವಷ್ಟೇ. ಮರೆಯಲ್ಲ ಬಿಡಿ."

ಕೆರಿಯಮ್ಮ ದಡದಿಂದಲೇ, "ನಿನ್ನ ಬಾಯಲ್ಲಿ ಎಷ್ಟು ಉಳೀತದೆ ನಾನೂ ನೋಡ್ತೀನಿ," ಅಂದಳು.

ನೀವೂ ಬನ್ನಿ ಎಂದು ಕರೆದರು. ಆಫೀಸು ಕೆಲಸವಿದೆ ಎಂದೆ. ಕೆಲಸವಿಲ್ಲ. ಆ ಗದ್ದೆಗೆ ಉಣ್ಣಿಸುವಾಗ ಪಕ್ಕದಲ್ಲಿ ನಿಲ್ಲಲು ನನಗೆ ಆಗದು.

ಅಕ್ಟೋಬರ್ 29, ಮಧ್ಯಾಹ್ನ

ದೋಣಿ ಒಡೆದಿದೆ. ಕೆರಿಯಮ್ಮನನ್ನು ಲಾರಿಯಲ್ಲಿ ಸಾಗರದ ಆಸ್ಪತ್ರೆಗೆ ತಂದಿದ್ದಾರಂತೆ. ಹೋಗಬೇಕು.

ಅಕ್ಟೋಬರ್ 30

ಸೊಂಟದ ಮೂಳೆ. ಇನ್ನು ನಡೆಯುವುದು ಕಷ್ಟ ಎಂದರು ಡಾಕ್ಟರು.

ಆದದ್ದು ಇಷ್ಟು. ಕತ್ತಲಿರುವಾಗಲೇ ಹೋಗಿ ಲಂಗರು ಹಾಕಿದರು. ನೀರು ಕನ್ನಡಿಯ ಹಾಗಿತ್ತಂತೆ. ಮುದುಕಿ ಬುಟ್ಟಿಯಿಂದ ಎಡೆ ತೆಗೆದು ಒಂದೊಂದೇ ತುತ್ತು ನೀರಿಗೆ ಬಿಟ್ಟಳು. ಹೊತ್ತು ಏರಿದ ಕೂಡಲೇ ಗಾಳಿ ಎದ್ದಿತು. ಲಂಗರು ಕಿತ್ತು ಬಂತು. ಎಲ್ಲರೂ ಒಂದೇ ಮಗ್ಗುಲಲ್ಲಿ ನಿಂತಿದ್ದರು. ದೋಣಿ ಸರಿದು ಮುಳುಗಿದ ಮತ್ತಿಮರದ ತುದಿಗೆ ಬಡಿಯಿತು. ಹಲಗೆ ಸೀಳಿತು. ಕೆರಿಯಮ್ಮ ಹಿಂದಕ್ಕೆ ಬಿದ್ದಳು. ಸರಪಳಿ ಗೂಟದಿಂದ ಕಳಚಿ ನೀರಿಗೆ ಹೋಯಿತು. ದಡ ಮುಟ್ಟಿದ ಮೇಲೆ ಸುಬ್ಬಪ್ಪ ಹತ್ತಾರು ಜನರ ಎದುರು ಭೂತಪ್ಪನ ಕೆನ್ನೆಗೆ ಹೊಡೆದ.

ಆಸ್ಪತ್ರೆಯ ವರಾಂಡದಲ್ಲಿ ಭೂತಪ್ಪ ಕಂಬಕ್ಕೆ ಒರಗಿ ನಿಂತಿದ್ದ. ನನ್ನನ್ನು ನೋಡಿ ಹತ್ತಿರ ಬಂದ.

"ಮೂರು ಹಲ್ಲು ಕೈಗೆ ಸಿಕ್ತು ಅಯ್ಯಾ. ನಿಲ್ಲಿಸ್ದೆ. ನೀವ್ ಹೇಳ್ದಂಗೇ. ಬೇಗ್ನೆ ಸಿಕ್ತು ಅನ್ನಿಸ್ತು. ಆದ್ರೂ ಮೂರೇ ಹಲ್ಲು."

ಆ ಗಳಿಗೆಯಲ್ಲಿ ತಿಳಿಯಿತು. ಮೋಜಿಣಿ ಸರಪಳಿಗೆ ಎರಡೂ ಕಡೆ ಮನುಷ್ಯರಿರುತ್ತಾರೆ. ಯಾರು ಯಾವ ತುದಿಯಿಂದ ಎಣಿಸಿದರೂ ಸರಿಬರಲಿ ಎಂದು ಬಿಲ್ಲೆಗಳನ್ನು ಎರಡೂ ಕಡೆಯಿಂದ ಒಂದೇ ತರ ಕಟ್ಟುತ್ತಾರೆ. ಲಂಗರಿಗೆ ಇರುವುದು ಒಂದೇ ದಿಕ್ಕು. ಕೆಳಕ್ಕೆ. ನಾನು ದೋಣಿಯಲ್ಲಿ ಕೂತು ನನ್ನ ತೊಡೆಯಿಂದ ಎಣಿಸಿ ಮೂರು ಎಂದೆ. ಅವನ ಕೈಗೆ ಮೊದಲು ಸಿಕ್ಕಿದ್ದು ಲಂಗರಿನ ಕಡೆಯ ಮೂರು. ಮೂವತ್ತು ಅಡಿ. ಇಪ್ಪತ್ತೈದು ಅಡಿ ನೀರಿನಲ್ಲಿ.

ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸುಬ್ಬಪ್ಪ ಬಂದ.

"ಸುಳ್ಳು ಬೊಗಳ್ತಾನೆ. ರಾತ್ರಿ ಕುಡ್ದಿದ್ದ, ಎಣಿಸೋಕೆ ಬೆರಳು ನೆಟ್ಟಗಿದ್ರೆ ತಾನೇ? ನೀವೇ ಹೇಳಿ ಅಯ್ಯಾ, ಎಪ್ಪತ್ತು ಅಡಿ ಬಿಟ್ಟಿದ್ರೆ ಲಂಗರು ಏಳ್ತಿತ್ತಾ?"

"ಏಳ್ತಿರಲಿಲ್ಲ," ಎಂದೆ.

ನಿಜವನ್ನೇ ಹೇಳಿದೆ. ಒಂದಕ್ಷರವೂ ಸುಳ್ಳಿಲ್ಲ. ಭೂತಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ.

ನವೆಂಬರ್ 6

ಹೇಳಬೇಕೆಂದೇ ಹೋದೆ. ಸುಬ್ಬಪ್ಪ ದೋಣಿಯನ್ನು ಬೋರಲು ಹಾಕಿ ಹಲಗೆ ಕೂಡಿಸುತ್ತಿದ್ದ. ಒಂದು ಮೊಳೆ ಹಿಡಿದುಕೊಟ್ಟೆ. ಆಮೇಲೆ ಇನ್ನೊಂದು. ಸಂಜೆಯಾಯಿತು. ಭೂತಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ, "ದೋಣಿ ಹತ್ರ ಬರಬ್ಯಾಡ ಅಂದೀನಿ," ಅಂದ. ದುಗ್ಗಮ್ಮ ನನಗೆ ಚಹಾ ಕೊಟ್ಟಳು. ಗಂಡನ ಲೋಟವನ್ನು ನೆಲದ ಮೇಲೆ ಇಟ್ಟು ಹೋದಳು. ಅವನೊಡನೆ ಮಾತು ಬಿಟ್ಟಿದ್ದಾಳೆ ಎಂದು ಕಾಣುತ್ತದೆ.

ಬಸ್ಸು ಹತ್ತಿದೆ.

ನವೆಂಬರ್ 27

ಭೂತಪ್ಪ ಊರು ಬಿಟ್ಟ. ತೀರ್ಥಹಳ್ಳಿಯ ಕಡೆ ಯಾವುದೋ ಮರ ಕೊಯ್ಯುವ ಮಿಲ್ಲಂತೆ. ದಾರಿಯಲ್ಲಿ ಜನ ಅವನನ್ನು ಕಂಡರೆ ಬೆರಳೆತ್ತಿ ಎಣಿಸಿ ತೋರಿಸುತ್ತಿದ್ದರಂತೆ — ಒಂದು, ಎರಡು, ಮೂರು. ಗಣೇಶಮೂರ್ತಿ ಹೇಳಿದ. ನಗುತ್ತಲೇ ಹೇಳಿದ. ನಾನೂ ನಕ್ಕಂತೆ ಮುಖ ಮಾಡಿದೆ.

ಒಂದು ವಿಚಿತ್ರ. ಸರಪಳಿ ನೀರಿನ ಕೆಳಗಿದೆ ಎಂಬುದು ನನಗೆ ಸಮಾಧಾನ ಕೊಡುತ್ತಿದೆ. ತೋರಿಸಲು ಏನೂ ಇಲ್ಲ, ಆದ್ದರಿಂದ ಹೇಳಿಯೂ ಪ್ರಯೋಜನವಿಲ್ಲ — ಹೀಗೆ. ಬುದ್ಧಿ ಎಷ್ಟು ಬೇಗ ನೆರವಿಗೆ ಬರುತ್ತದೆ.

1967 ಫೆಬ್ರವರಿ 15. ತೀರ್ಥಹಳ್ಳಿ, ಕ್ಯಾಂಪ್

ಬಸ್ ಸ್ಟ್ಯಾಂಡಿನಲ್ಲಿ ಭೂತಪ್ಪ. ಅಂಗಿಯ ಮೇಲೆಲ್ಲ ಮರದ ಹೊಟ್ಟು. ನಾನು ಹೋಟೆಲಿನ ಕಡೆ ತಿರುಗಿಕೊಂಡೆ. ಅವನೇ ಬಂದ.

"ಅಯ್ಯಾ, ಆರಾಮಾ? ಅತ್ತೆ ಹೆಂಗಿದಾಳೆ?"

"ಕೋಲು ಹಿಡಿದು ಜಗಲಿಗೆ ಬರ್ತಾಳೆ."

"ನಾನು ಬಿಟ್ಬಿಟ್ಟೆ ಅಯ್ಯಾ. ಒಂದು ತೊಟ್ಟೂ ಮುಟ್ಟಲ್ಲ ಈಗ."

"ಒಳ್ಳೇದಾಯ್ತು," ಎಂದೆ.

ಒಳ್ಳೇದಾಯ್ತು!

ಅವನು ಹೋಗಲಿಲ್ಲ. ನಾನು ಬಸ್ಸಿನಲ್ಲಿ ಕೂತ ಮೇಲೂ ಕಿಟಕಿಯ ಹತ್ತಿರ ನಿಂತಿದ್ದ. ಮಳೆ, ಬೆಳೆ, ಆಫೀಸು, ಎಲ್ಲ ಕೇಳಿದ. ಬಸ್ಸು ಹೊರಟಾಗ ಕೈ ಎತ್ತಿದ.

ಮೇ 14, ಭಾನುವಾರ

ನೀರು ಇಳಿದಿದೆ. ಕೆಳಗಿನ ಗದ್ದೆಯ ಬದುಗಳು ಎದ್ದಿವೆ, ಕೆಸರು ಮೆತ್ತಿಕೊಂಡು, ನಾನು ನಕ್ಷೆಯಲ್ಲಿ ಎಳೆದ ಗೆರೆಗಳ ಹಾಗೆಯೇ. ಸರಪಳಿ ಸಿಕ್ಕಿದೆ ಬನ್ನಿ ಎಂದು ಸುಬ್ಬಪ್ಪ ಹೇಳಿ ಕಳಿಸಿದ್ದ.

ಇಬ್ಬರೂ ಸೇರಿ ಕೆಸರಿನಿಂದ ಎಳೆದೆವು. ಬಿಲ್ಲೆಗಳು ಹಸಿರು ಹಿಡಿದಿವೆ. ಹಲ್ಲು ಸ್ಪಷ್ಟ. ಇನ್ನು ಯಾವ ನೆಪವೂ ಇರಲಿಲ್ಲ. ಗದ್ದೆಯ ಉದ್ದಕ್ಕೆ ಹಾಸಿ ತೋರಿಸಿದೆ. "ನೋಡು ಸುಬ್ಬಪ್ಪ. ಈ ಕಡೆಯಿಂದಲೂ ಮೂರು. ಆ ಕಡೆಯಿಂದಲೂ ಮೂರು. ಅವನ ಕೈಗೆ ಮೊದಲು ಸಿಕ್ಕಿದ್ದು ಇದು. ನಾನು ಹೇಳಿದ್ದು ಅದು. ತಪ್ಪು ನನ್ನದು."

ಸುಬ್ಬಪ್ಪ ಲಂಗರಿನ ಬಳಿ ಕುಕ್ಕರುಗಾಲಿನಲ್ಲಿ ಕೂತು ಸರಪಳಿಯನ್ನು ಕೈಯಿಂದ ಕೈಗೆ ಸಾಗಿಸಿದ. ಮೊದಲ ಮೂರು ಹಲ್ಲು ಸಿಕ್ಕಲ್ಲಿ ಕೈ ನಿಲ್ಲಿಸಿದ.

"ಎಲ್ಲರ ಎದ್ರಿಗೆ ಹೊಡ್ದೆ ಅಯ್ಯಾ. ತಿರುಗಿ ಒಂದು ಮಾತಾಡ್ಲಿಲ್ಲ ಅವ."

ಆಮೇಲೆ, ಮುಖ ತಿರುಗಿಸಿಕೊಂಡು: "ಇದು ಇಲ್ಲೇ ಇರ್ಲಿ. ಹೆಂಡ್ತಿ ಕಿವಿಗೆ ಬಿದ್ರೆ ನಾನು ಆ ಮನೇಲಿ ಉಣ್ಣೋದು ಹೆಂಗೆ?"

ದುಗ್ಗಮ್ಮ ಬುತ್ತಿ ಹೊತ್ತು ಬದುವಿನ ಮೇಲೆ ಬರುತ್ತಿದ್ದಳು. ಈಗ ಒಂದೆರಡು ಮಾತಿದೆ ಗಂಡನೊಡನೆ. "ಎಂತ ಸಿಕ್ತು?"

"ಸರಪಳಿ."

"ಅಷ್ಟೇಯಾ?"

"ಅಷ್ಟೇ."

ನನ್ನನ್ನು ನೋಡಿದಳು. ನಾನು ಗುಡ್ಡ ನೋಡಿದೆ.

ವಾಪಸು ಬರುವಾಗ ಮನಸ್ಸು ಹಗುರವಾಗಿತ್ತು. ಹೇಳಿಯಾಯಿತು, ಬೇಡ ಅಂದವನು ಅವನು. ಆ ಹಗುರವನ್ನು ನೆನೆದರೆ ಈಗ ಹೇಸಿಗೆ.

ಮೇ 21, ಭಾನುವಾರ

ಹಳೆಯ ಬಿಲ್ಲೆ ಕಳಚಿ ಹೊಸದು ಕಟ್ಟಿದೆ. ಲಂಗರಿನಿಂದ ಮೇಲಕ್ಕೆ ಮಾತ್ರ, ಒಂದರಿಂದ ಒಂಬತ್ತು ಹಲ್ಲು. ಸುಬ್ಬಪ್ಪ ಇರಲಿಲ್ಲ. ದುಗ್ಗಮ್ಮ ನೀರು, ಬೆಲ್ಲ ತಂದಿಟ್ಟು ಅಲ್ಲೇ ಕೂತಳು. ಕಳಚಿ ಹಾಕಿದ ಬಿಲ್ಲೆಗಳನ್ನು ಬೆರಳಿನಿಂದ ಸರಿಸಿದಳು. ಮೂರು ಹಲ್ಲಿನ ಎರಡನ್ನು ಜೋಡಿಸಿ ಇಟ್ಟಳು.

"ಚೆನ್ನಾಗೇ ಐದಾವಲ್ಲ. ಯಾಕೆ ತೆಗ್ದ್ರಿ?"

ಕೈ ನಿಂತಿತು. ಇದು ಇಲ್ಲೇ ಇರಲಿ ಎಂದ ಸುಬ್ಬಪ್ಪನ ಮಾತು ನೆನಪಾಯಿತು. ಅವನ ಸಂಸಾರ, ನನಗೇನು ಹಕ್ಕು, ಇತ್ಯಾದಿ. ಆ ಯೋಚನೆಯ ಸಾಲು ಎಲ್ಲಿಗೆ ಹೋಗುತ್ತದೆಂದು ಈಗ ಗೊತ್ತು. ಹೇಳಿದೆ. ಎಲ್ಲ ಹೇಳಿದೆ, ಆಸ್ಪತ್ರೆಯಲ್ಲಿ ನಾನು ಆಡಿದ ಒಂದು ಪದವನ್ನೂ.

ಕೂಗಾಡಲಿಲ್ಲ. ಅಳಲೂ ಇಲ್ಲ.

"ನನ್ನ ತಮ್ಮ ಕುಡೀತಿದ್ದ. ಸುಳ್ಳು ಹೇಳ್ತಿರ್ಲಿಲ್ಲ," ಅಂದಳು. ಸೆರಗು ಕೊಡವಿ ಎದ್ದಳು. "ನಂಗ್ ಹೇಳಿ ಎಂತ ಮಾಡ್ತೀರಿ ಅಯ್ಯಾ? ತೀರ್ಥಳ್ಳಿಗೆ ಬಸ್ಸಿಲ್ವಾ?"

ಮೇ 23. ತೀರ್ಥಹಳ್ಳಿ

ರಜೆ ಹಾಕಿ ಬಂದೆ. ಮೂರು ಮಿಲ್ಲು ತಿರುಗಿದ ಮೇಲೆ ಭೂತಪ್ಪ ಇದ್ದ ಮಿಲ್ಲು ಸಿಕ್ಕಿತು. ಮೇಸ್ತ್ರಿ ಜಟ್ಟಿಂಗಪ್ಪ ಎಂಬಾತ ಗರಗಸಕ್ಕೆ ಎಣ್ಣೆ ಬಿಡುತ್ತಿದ್ದ.

"ಯಾವ ಭೂತಪ್ಪ? ಕುಡೀದೇ ಇರೋ ಭೂತಪ್ಪನಾ?" ನಕ್ಕ. "ಹೋದ್ನಲ್ಲ ಸ್ವಾಮಿ, ಯುಗಾದಿ ಕಳ್ದ ಮೇಲೆ. ಘಟ್ಟದ ಕೆಳಗೆ ಎಲ್ಲೋ."

"ವಿಳಾಸ?"

"ನಮ್ಮಂಥೋರಿಗೆ ಎಂಥಾ ವಿಳಾಸ? ಒಳ್ಳೇ ಆಳು. ಒಂದೇ ಕಾಟ ಅವನ್ದು. ಅಳತೆ ಹೇಳಿದ್ರೆ ಸುಮ್ನೆ ತಗೊಳ್ಳೋನಲ್ಲ. 'ಯಾವ ಕಡೆಯಿಂದ?' ಅನ್ನೋನು. ಐದು ಅಡಿಗೆ ಕೊಯ್ಯಿ ಅಂದ್ರೆ, 'ಯಾವ ಕಡೆಯಿಂದ ಐದು ಅಡಿ, ಮುಟ್ಟಿ ತೋರ್ಸಿ.' ಬಂದ ದಿನದಿಂದ್ಲೂ ಅದೇ. ತಲೆ ಚಿಟ್ಟು ಹಿಡಿಸ್ತಿದ್ದ."

ಬಂದ ದಿನದಿಂದಲೂ. ಅಂದರೆ ನವೆಂಬರಿನಿಂದ, ನನಗೆ ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಮೊದಲೇ.

ಇನ್ನೇನೋ ಕೇಳಬೇಕಿತ್ತು, ಕೇಳಲಿಲ್ಲ. ಈಗ ಅದೇ ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಾಗರದ ಬಸ್ಸು ಇನ್ನೂ ಬಂದಿಲ್ಲ. ದುಗ್ಗಮ್ಮನಿಗೆ ಏನು ಹೇಳಲಿ…

ಭೂತಪ್ಪ, ಅವತ್ತು ಕಿಟಕಿಯ ಹತ್ತಿರ ನಿಂತು ಮಳೆ, ಬೆಳೆ ಎಂದು ಕೇಳುತ್ತಲೇ ಇದ್ದೆಯಲ್ಲ, ಆಗಲೇ ನಿನಗೆ ಗೊತ್ತಿತ್ತಾ?