ಬೋಳು ತಲೆಯ ಪಾಸು, ಗಡ್ಡದ ಪ್ರಯಾಣಿಕ

ಬಸ್ ಪಾಸ್ ವಿಭಾಗದ ಮೇಲಧಿಕಾರಿಗಳಿಗೆ,

ಮಾನ್ಯರೇ,

ಜುಲೈ ತಿಂಗಳಿಂದ ನಿಮ್ಮ ಹೊಸೂರಿನ ಕೌಂಟರಿನಲ್ಲಿ ನನ್ನ ಪಾಸಿಗೆ ತಿಂಗಳ ಚೀಟಿ ಕೊಡುತ್ತಿಲ್ಲ. ಕಾರ್ಡಿನ ಫೋಟೋದಲ್ಲಿರುವವನ ತಲೆ ಬೋಳಾಗಿದೆ, ಮೀಸೆಯಿಲ್ಲ. ಕೌಂಟರಿನ ಮುಂದೆ ನಿಲ್ಲುವವನಿಗೆ ತಲೆತುಂಬ ಕೂದಲಿದೆ, ಮುಖ ಮುಚ್ಚುವಷ್ಟು ಗಡ್ಡವಿದೆ. ಇಬ್ಬರೂ ಒಬ್ಬನೇ ಎಂದು ನಾನು ಹೇಳುತ್ತೇನೆ, ಅಲ್ಲವೆಂದು ನಿಮ್ಮ ಗುಮಾಸ್ತರು ಹೇಳುತ್ತಾರೆ. ನಾನು ಯಾರೆಂಬ ವಿಷಯದಲ್ಲಿ ನನಗಿಂತ ಅವರ ಮಾತಿಗೇ ಬೆಲೆ ಹೆಚ್ಚಾದ್ದರಿಂದ, ನಮ್ಮೂರು ಬೇರಿಕೆಯಿಂದ ಹೊಸೂರಿನ ಕಾರ್ಖಾನೆಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೇನೆ. ಹದಿನೈದು ಮೈಲಿಗೂ ಮೇಲಾಗುತ್ತದೆ. ಬರುವಾಗಲೂ ಅಷ್ಟೇ ಇರುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ನೋಡುವ, ಪಾಸಿನ ವ್ಯವಸ್ಥೆ ತಿಳಿಯದ ಓದುಗರಿಗೆ ಒಂದು ಮಾತು. ಫೋಟೋ ಅಂಟಿಸಿ ಮೊಹರು ಹಾಕಿದ ಗುರುತಿನ ಕಾರ್ಡನ್ನು ವರ್ಷಕ್ಕೊಮ್ಮೆ ಕೊಡುತ್ತಾರೆ. ತಿಂಗಳ ಮೊದಲ ದಿನ ಕೌಂಟರಿಗೆ ಹೋಗಿ ಹಣ ಕಟ್ಟಿ ಹೊಸ ಚೀಟಿ ಹಾಕಿಸಿಕೊಂಡರೆ ಆ ತಿಂಗಳೆಲ್ಲ ಓಡಾಡಬಹುದು. ಚೀಟಿ ತಿಂಗಳಿಗೊಮ್ಮೆ ಬದಲಾಗುತ್ತದೆ, ಫೋಟೋ ಮಾತ್ರ ವರ್ಷವಿಡೀ ಬದಲಾಗುವಂತಿಲ್ಲ. ಮನುಷ್ಯನೂ ವರ್ಷವಿಡೀ ಬದಲಾಗಬಾರದೆಂದು ಇದರ ಅರ್ಥವೆಂದು ನನಗೆ ತಡವಾಗಿ ತಿಳಿಯಿತು. ಟಿಕೆಟ್ ಕೊಂಡು ಹೋಗಬಹುದಲ್ಲ ಎಂದು ತಾವು ಕೇಳಬಹುದು. ಕೆಲಸ ಕಲಿಯುವವನ ಸಂಬಳದಲ್ಲಿ ಅರ್ಧ ಭಾಗ ಟಿಕೆಟ್ಟಿಗೇ ಹೋಗುತ್ತದೆ. ಅದು ಗೊತ್ತಿದ್ದೇ ಅಲ್ಲವೇ ತಾವು ಪಾಸು ಎಂಬುದನ್ನು ಮಾಡಿದ್ದು?

ಆ ಬೋಳು ತಲೆಯ ವಿಷಯಕ್ಕೆ ಬರುತ್ತೇನೆ. ಈ ವರ್ಷ ಜನವರಿಯಲ್ಲಿ ನಮ್ಮ ತಂದೆ ತೀರಿಕೊಂಡರು. ಹಿರಿಯ ಮಗನಾದ ನಾನು ಹನ್ನೊಂದನೆಯ ದಿನ ತಲೆ, ಮೀಸೆ ಬೋಳಿಸಿಕೊಂಡೆ. ತಿಥಿಯ ಅಡುಗೆಯ ಒಲೆ ಆರುವ ಮೊದಲೇ ಕಾರ್ಖಾನೆಯಿಂದ ಕೆಲಸದ ಕಾಗದ ಬಂತು, ಕೂಡಲೇ ಹಾಜರಾಗಬೇಕೆಂದು. ಹೊಸೂರಿನ ಸ್ಟುಡಿಯೋದವನು ಫೋಟೋ ತೆಗೆಯುವಾಗ ‘ಒಂದು ತಿಂಗಳು ಬಿಟ್ಟು ಬಾರಪ್ಪಾ, ಚೆನ್ನಾಗಿ ಬರ್ತದೆ’ ಎಂದ. ಚೆನ್ನಾಗಿ ಬರುವುದು ಯಾರಿಗೆ ಬೇಕಿತ್ತು? ನನಗೆ ಬಸ್ ಬೇಕಿತ್ತು. ಮೊದಲ ಮೂರು ತಿಂಗಳು ಯಾರೂ ಏನೂ ಕೇಳಲಿಲ್ಲ. ಕೂದಲು ತನ್ನ ಪಾಡಿಗೆ ತಾನು ಬೆಳೆಯಿತು.

ಮೇ ತಿಂಗಳಲ್ಲಿ ಕೌಂಟರಿಗೆ ಹೊಸ ಗುಮಾಸ್ತರು ಬಂದರು. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ‘ಇದು ನೀ ಇಲ್ಲಪ್ಪಾ’ ಎಂದು ತಮಿಳಿನಲ್ಲಿ ಹೇಳಿ ವಾಪಸು ತಳ್ಳಿದರು. ನಾನೇ ಸಾರ್, ಅಪ್ಪ ಹೋಗಿದ್ದರು, ಅದಕ್ಕೆ ಬೋಳಿಸಿದ್ದೆ ಎಂದೆ. ‘ಹಾಗಾದ್ರೆ ಬೋಳಿಸಿಕೊಂಡು ಬಾ, ನೋಡ್ತೀನಿ’ ಎಂದರು. ಹೊಸ ಕೆಲಸ, ಜಗಳ ಬೇಡವೆಂದು ನಾನು ಹಾಗೇ ಮಾಡಿದೆ. ನಮ್ಮ ಬೀದಿಯವರು ಅರ್ಧ ಜನ ಯಾರು ಹೋದರೆಂದು ಗಾಬರಿಯಿಂದ ಕೇಳಿದರು. ಉಳಿದವರು ‘ತಿರುಪತಿಗೋಗಿ ಬಂದು ಲಾಡು ಒಬ್ನೇ ತಿಂದ್ಬುಟ್ಯಾ ಏನ್ಲಾ?’ ಎಂದು ಬಾಗಿಲಿಗೆ ಬಂದರು. ನಮ್ಮ ತಾಯಿ ಅಕ್ಕಯಮ್ಮನವರು ಮಾತ್ರ ನನ್ನ ತಲೆ ಕಂಡ ಕೂಡಲೇ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಗಂಡ ಸತ್ತ ಕೆಲವೇ ತಿಂಗಳಲ್ಲಿ ಆ ತಲೆಯನ್ನು ಅವರು ಎರಡನೆಯ ಸಲ ನೋಡಿದ್ದರು. ಆದರೂ ಮೇ ತಿಂಗಳ ಚೀಟಿ ಸಿಕ್ಕಿತು. ಕೂದಲು ಇನ್ನೂ ಮೋಟಾಗಿದ್ದುದರಿಂದ ಜೂನ್ ತಿಂಗಳದ್ದೂ ಸಿಕ್ಕಿತು. ವಿಷಯ ಅಲ್ಲಿಗೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಿಂಗಳು ಬಿಟ್ಟು ತಿಂಗಳು ತಲೆ ಒಪ್ಪಿಸಿ ಸುಮ್ಮನಿರುತ್ತಿದ್ದೆ.

ಜೂನ್ ಮೊದಲ ವಾರ ನನ್ನ ಹೆಂಡತಿ ಲಕ್ಷ್ಮೀದೇವಮ್ಮ ಬಸುರಿಯೆಂದು ತಿಳಿಯಿತು. ಈ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ನಮ್ಮ ಕಡೆ ಹೆಂಡತಿ ಬಸುರಿಯಾದರೆ ಹೆರಿಗೆ ಆಗುವವರೆಗೂ ಗಂಡ ತಲೆಗೆ, ಗಡ್ಡಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ತಮ್ಮ ಕಚೇರಿಯಲ್ಲೂ ಹಾಗೆ ಗಡ್ಡ ಬಿಟ್ಟವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಕೇಳಿ ನೋಡಿ. ಹೋದ ಸಲ ನಾನು ಅದನ್ನು ಪಾಲಿಸಿರಲಿಲ್ಲ. ತಾಯಿ ಅದನ್ನು ಮರೆತಿಲ್ಲ.

‘ಹೋದ್ ಕಿತ ಕ್ರಾಪು ಒಡಿಸ್ಕಂಡು ಬಂದೆ. ಏನಾಯ್ತು ನೋಡ್ದಲ್ಲ? ಈ ಸಲ ನಿನ್ನ ಪೇಪರ್ ಬುದ್ಧಿ ನನ್ನತ್ರ ತೋರಿಸ್ಬೇಡ ಕಣ್ಲಾ. ಮಗು ಉಟ್ಟೋಗಂಟ ಕತ್ತಿ ಮುಟ್ಟಿಸಲ್ಲ ಅಂತ ತಿಮ್ಮರಾಯಸ್ವಾಮಿಗೆ ನಾನೇ ಕೈಮುಗಿದಿವ್ನಿ.’

ಜುಲೈ ಒಂದರಂದು ಕೌಂಟರಿನಲ್ಲಿ ನನ್ನ ಹಿಂದೆ ನಿಂತವರು ‘ಸಾಮಿಗಳೇ, ಆಶೀರ್ವಾದ ಮಾಡಿ ಬೇಗ ಮುಂದಕ್ಕೋಗಿ’ ಎಂದು ನಗುತ್ತಿದ್ದರು. ಗುಮಾಸ್ತರು ಕಾರ್ಡನ್ನು ನೋಡಿದರು, ನನ್ನನ್ನು ನೋಡಲೂ ಇಲ್ಲ. ಆಗ ನಮ್ಮ ಲೈನಿನ ಕಂಡಕ್ಟರ್ ಬಚ್ಚಪ್ಪ ಅಲ್ಲೇ ಟೀ ಕುಡಿಯುತ್ತಿದ್ದವನು ಎದ್ದು ಬಂದ. ಬಚ್ಚಪ್ಪ ನಮ್ಮ ಊರಿನವನು, ಜೊತೆಗೆ ತಮ್ಮ ಇಲಾಖೆಯ ನೌಕರ.

‘ಸಾರ್, ಇವ್ನ ನಂಗೊತ್ತಿಲ್ವಾ? ಇವ್ರಪ್ಪನ ತಿಥಿಗೆ ಓಗಿ ಊಟ ಮಾಡ್ಕಂಡು ಬಂದಿವ್ನಿ. ಇದೇ ಬೋಳು ತಲೆ ನಂಗೆ ಅನ್ನ ಬಡಿಸಿದ್ದು!’

‘ನೀನು ಟಿಕೆಟ್ ಹರಿಯೋನು. ಆಳು ಯಾರು ಅಂತ ಹೇಳೋದು ಫೋಟೋ ಕೆಲಸ’ ಎಂದರು ಗುಮಾಸ್ತರು.

ನನ್ನನ್ನು ಚಿಕ್ಕಂದಿನಿಂದ ಬಲ್ಲ ಮನುಷ್ಯನ ಬಾಯಿಗಿಂತ ಒಂದೂವರೆ ಅಂಗುಲದ ಕಾಗದಕ್ಕೆ ಹೆಚ್ಚು ಬಾಯಿದೆಯೆಂದು ಆವತ್ತು ಕಲಿತೆ. ಬಚ್ಚಪ್ಪ ಹೊರಗೆ ಬಂದು ನನ್ನ ಬೆನ್ನು ತಟ್ಟಿ, ‘ಕಾರ್ಡು ಕಳ್ದೋಯ್ತು ಅಂತ ಪೊಲೀಸ್ ಸ್ಟೇಷನ್ನಲ್ಲಿ ಬರ್ಕೊಟ್ಬುಡ್ಲಾ, ಹೊಸಾದು ಕೊಡ್ತಾರೆ’ ಎಂದ. ಇದು ಎಲ್ಲರೂ ಬಳಸುವ ದಾರಿಯಂತೆ. ಕಾರ್ಡು ಜೇಬಿನಲ್ಲೇ ಇಟ್ಟುಕೊಂಡು ಕಳೆದಿದೆಯೆಂದು ಬರೆಯಲು ನನಗೆ ಕೈ ಬರಲಿಲ್ಲ. ನಿಜ ಹೇಳುವವನು ನಡೆಯಬೇಕು, ಸುಳ್ಳು ಹೇಳುವವನು ಕುಳಿತು ಹೋಗಬಹುದು ಎಂಬ ನಿಯಮವನ್ನು ಮಾಡುವಾಗ ತಮ್ಮ ಕಚೇರಿ ಏನನ್ನು ಯೋಚಿಸಿತ್ತು?

ಬದಲಿಗೆ ತಮಗೇ ಅರ್ಜಿ ಬರೆದೆ, ತಮಿಳಿನಲ್ಲಿ, ಬಲ್ಲವರಿಂದ ತಿದ್ದಿಸಿ. ಒಂದು ತಿಂಗಳಾದ ಮೇಲೆ ಉತ್ತರ ಬಂತು. ಅರ್ಜಿದಾರನು ಚೀಟಿ ಪಡೆಯಲು ಫೋಟೋದಲ್ಲಿರುವ ಸ್ಥಿತಿಯಲ್ಲಿ ಹಾಜರಾಗತಕ್ಕದ್ದು ಎಂದು ಅದರಲ್ಲಿತ್ತು. ಕೆಳಗೆ ಸಹಿ ಯಾರದೆಂದು ತಿಳಿಯಲಿಲ್ಲ. ಮಾನ್ಯರೇ, ಫೋಟೋದಲ್ಲಿರುವ ಸ್ಥಿತಿಯಲ್ಲಿ ನಮ್ಮ ತಂದೆ ಸತ್ತು ಎರಡು ವಾರವಾಗಿತ್ತು. ಅದನ್ನೂ ಮತ್ತೊಮ್ಮೆ ಏರ್ಪಾಡು ಮಾಡಬೇಕೇ?

ಇಷ್ಟು ಓದಿ ತಾವು ನನ್ನನ್ನು ಮೂಢನಂಬಿಕೆಯವನೆಂದು ತಳ್ಳಿಹಾಕಬಹುದು. ಹಾಗೆ ತಳ್ಳಿಹಾಕುವುದು ಸುಲಭ, ಆದ್ದರಿಂದ ಇದಕ್ಕೆ ಉತ್ತರ ಹೇಳುತ್ತೇನೆ. ಬೆಂಗಳೂರಿನಿಂದ ಬರುವ ಬಸ್ಸಿನಲ್ಲಿ ಬೇರಿಕೆಗೆ ಬರುವ ದಿನಪತ್ರಿಕೆಯನ್ನು ನಾನು ಅಕ್ಷರ ಕಲಿತ ದಿನದಿಂದ ಓದುತ್ತಿದ್ದೇನೆ. ಗಂಡನ ಗಡ್ಡಕ್ಕೂ ಹೆಂಡತಿಯ ಬಸಿರಿಗೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದ್ದಾರೆ, ನಾನೂ ಒಪ್ಪಿದ್ದೇನೆ. ಎರಡು ಸಲವೂ ಬಸಿರು ಹೋದದ್ದು ಅವಳ ಮೈಯಲ್ಲಿ ರಕ್ತ ಸಾಲದ್ದರಿಂದ. ಆದರೆ ನಾನು ಒಪ್ಪಿದರೆ ಸಾಕೇ? ಈ ಸಲವೂ ಏನಾದರೂ ಆದರೆ, ಅದಕ್ಕೆ ಕಾರಣ ರಕ್ತವೆಂದು ನಮ್ಮ ಮನೆಯಲ್ಲಿ ಯಾರು ಹೇಳುತ್ತಾರೆ? ತಾಯಿ ನನ್ನ ತಲೆಯನ್ನೇ ನೋಡುತ್ತಾರೆ. ಹೆಂಡತಿ ನೋಡದಿರಲು ಪ್ರಯತ್ನಿಸುತ್ತಾಳೆ. ಅವಳ ಪ್ರಯತ್ನವನ್ನು ಉಳಿದ ಆಯುಷ್ಯವೆಲ್ಲ ನೋಡಬೇಕಾದವನು ನಾನು. ತಮ್ಮ ಗುಮಾಸ್ತರು ಅಷ್ಟು ಹೊತ್ತಿಗೆ ಬೇರೆ ಊರಿಗೆ ವರ್ಗವಾಗಿ ಹೋಗಿರುತ್ತಾರೆ.

ಸೈಕಲ್ಲಿನ ಕಥೆಯೂ ಮುಗಿಯುತ್ತ ಬಂದಿದೆ. ಎದುರುಗಾಳಿಯಿದ್ದರೆ, ಮಳೆಯಿದ್ದರೆ, ಟ್ಯೂಬ್ ಪಂಕ್ಚರಾದರೆ ಗೇಟು ಮುಚ್ಚಿದ ಮೇಲೆ ತಲುಪುತ್ತೇನೆ. ಫೆಬ್ರವರಿಯಲ್ಲಿ ನನ್ನ ಕೆಲಸ ಖಾಯಮಾಗಬೇಕು. ಆದರೆ ಹೋದ ವಾರ ಫೋರ್‌ಮನ್ ಕರೆದು, ಮುಂದಿನ ತಿಂಗಳು ಒಂದು ದಿನ ತಡವಾದರೂ ಹೆಸರು ತೆಗೆಯುವುದಾಗಿ ಹೇಳಿದರು. ಅವರು ಕೆಟ್ಟವರಲ್ಲ. ‘ಬಸ್ಸಲ್ಲಿ ಬಾರಯ್ಯಾ, ಯಾಕೆ ಸಾಯ್ತೀಯಾ?’ ಎಂದೂ ಕೇಳಿದರು. ಅವರಿಗೆ ಈ ಕಥೆಯನ್ನೆಲ್ಲ ಹೇಳಲು ನಾಚಿಕೆಯಾಯಿತು.

ಆ ದಿನ ಮನೆಯಲ್ಲಿ ಹೆಂಡತಿಯೇ ಮಾತೆತ್ತಿದಳು. ಅತ್ತೆಗೆ ಕೇಳಿಸದಂತೆ ಹೇಳಿದಳು.

‘ಬೋಳಿಸ್ಕೊಂಡು ಬನ್ನಿ. ಕೆಲಸ ಓದ್ರೆ ಉಟ್ಟೋದಕ್ಕೆ ಏನಿಕ್ತೀರಾ?’

‘ನಿಂಗೆ ಭಯ ಇಲ್ವಾ?’

‘ಅದೈತೆ. ಅದು ಯಾವಾಗ್ಲೂ ಐತೆ. ತಲೆಗೂ ಮುಖಕ್ಕೂ ಟವಲ್ ಸುತ್ಕೊಂಡು ಬನ್ನಿ, ಅತ್ತೆ ಮುಂದೆ ಬಿಚ್ಬೇಡಿ.’

ಊರಿನ ಕ್ಷೌರಿಕ ದಾಸಪ್ಪನ ಹತ್ತಿರ ಹೋದೆ. ಅವನು ಪೆಟ್ಟಿಗೆ ತೆಗೆಯಲೇ ಇಲ್ಲ. ‘ಬೇಡ ಕಣಣ್ಣಾ. ನಿಮ್ಮನೇಲಿ ಆಕೆ ಇಂಗವ್ಳೆ ಅಂತ ಊರಿಗೆಲ್ಲ ಗೊತ್ತು. ನಾಳೆ ಏನಾರ ಆದ್ರೆ ನನ್ನ ಕೈ ನಾನೇ ನೋಡ್ಕೊಳ್ಳಕಾಗಲ್ಲ’ ಎಂದ. ಸರಿಯೆಂದು ಭಾನುವಾರ ಹೊಸೂರಿಗೆ ಹೋಗಿ, ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕುಳಿತೆ. ಅಲ್ಲಿ ನಾನು ಯಾರಿಗೂ ಗೊತ್ತಿಲ್ಲ. ಕ್ಷೌರಿಕ ಕೊರಳಿಗೆ ಬಟ್ಟೆ ಕಟ್ಟಿ, ತಲೆಗೆ ನೀರು ಹಚ್ಚಿ ತಿಕ್ಕುತ್ತ ‘ತಿರುಪತಿಗಾ ಅಣ್ಣಾ?’ ಎಂದು ಕೇಳಿದ.

‘ಬಸ್ ಪಾಸಿಗೆ’ ಎಂದೆ.

ಅವನು ಬಹಳ ನಕ್ಕ. ಕತ್ತಿಯನ್ನು ತೊಗಲಿನ ಮೇಲೆ ಮಸೆಯುತ್ತ, ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದ: ‘ಮಕ್ಳೆಷ್ಟು ಅಣ್ಣಾ?’

ಬಟ್ಟೆ ಬಿಚ್ಚಿಟ್ಟು ಎದ್ದು ಬಂದುಬಿಟ್ಟೆ. ಅವನು ಹಿಂದಿನಿಂದ ಕೂಗುತ್ತಿದ್ದ. ಒದ್ದೆ ತಲೆಯಲ್ಲೇ ಸೈಕಲ್ ತುಳಿದುಕೊಂಡು ಮನೆಗೆ ಬಂದೆ. ಲಕ್ಷ್ಮೀದೇವಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನ ಗಡ್ಡ ನೋಡಿದಳು. ‘ಆಗ್ಲಿಲ್ವಾ?’ ಎಂದಳು. ಆಗಲಿಲ್ಲ ಎಂದೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಸಮಾಧಾನದಿಂದ ಕುಳಿತಳೋ ಚಿಂತೆಯಿಂದ ಕುಳಿತಳೋ ನಾನು ಕೇಳಲಿಲ್ಲ.

ಇನ್ನೊಂದು ವಿಷಯವನ್ನು ಈಗಲೇ ತಿಳಿಸಿಬಿಡುವುದು ಒಳ್ಳೆಯದು. ನನ್ನ ಕಾರ್ಡಿನ ವರ್ಷ ಜನವರಿ ಕೊನೆಗೆ ಮುಗಿಯುತ್ತದೆ. ಆಗ ತಾವು ನಿಯಮದಂತೆ ಹೊಸ ಫೋಟೋ ಕೇಳುತ್ತೀರಿ, ನಾನು ಗಡ್ಡದ ಫೋಟೋ ಕೊಡುತ್ತೇನೆ. ಡಾಕ್ಟರು ಹೆರಿಗೆಗೆ ಹೇಳಿರುವುದು ಫೆಬ್ರವರಿ. ಎಲ್ಲ ಸರಿಯಾಗಿ ನಡೆದರೆ ನಾನು ಆ ತಿಂಗಳೇ ಗಡ್ಡ ತೆಗೆಸುತ್ತೇನೆ. ಮಾರ್ಚ್ ಒಂದರಂದು ತಮ್ಮ ಗುಮಾಸ್ತರು ಮತ್ತೆ ಕಾರ್ಡನ್ನು ದೂರ ಹಿಡಿದು ನೋಡಿ, ಇದು ನೀನಲ್ಲ ಎನ್ನುತ್ತಾರೆ. ಸಾವಿಗೊಂದು ಮುಖ, ಹುಟ್ಟಿಗೊಂದು ಮುಖ ಇರುವ ಜನ ನಾವು. ವರ್ಷಕ್ಕೆ ಒಂದೇ ಮುಖದಲ್ಲಿ ಸಾಗಿಸುವುದು ಹೇಗೆಂದು ತಾವೇ ತಿಳಿಸಬೇಕು.

ನಾನು ಕೇಳುವುದು ಇಷ್ಟೇ. ಈಗಿನ ಕಾರ್ಡಿಗೆ ಈಗಿನ ಮುಖದ ಒಂದು ಫೋಟೋ ಅಂಟಿಸಿ ಮೊಹರು ಹಾಕಿಸಿಕೊಡಿ. ಫೋಟೋ ತೆಗೆಸಿಟ್ಟಿದ್ದೇನೆ. ಗೋಂದು ಸಹ ನಾನೇ ತರುತ್ತೇನೆ. ಅದಕ್ಕೂ ನಿಯಮ ಅಡ್ಡ ಬರುವುದಾದರೆ, ತಮ್ಮದೇ ನೌಕರ ಬಚ್ಚಪ್ಪನ ಮಾತನ್ನು ಈ ಒಂದು ಸಲ ನಂಬಿ.

ಅಕ್ಟೋಬರ್ ಒಂದು ಬರುವ ಸೋಮವಾರ. ಅಷ್ಟರೊಳಗೆ ತಮ್ಮಿಂದ ಏನೂ ಬರದಿದ್ದರೆ, ಭಾನುವಾರ ನಾನು ಅದೇ ಅಂಗಡಿಯ ಅದೇ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಅವನು ಮತ್ತೆ ಮಕ್ಕಳೆಷ್ಟು ಎಂದು ಕೇಳುತ್ತಾನೆ. ಕಾರ್ಡು ಕಳೆದಿದೆಯೆಂದು ಬರೆಯಲಾರದ ನಾನು, ನನಗೆ ಮದುವೆಯೇ ಆಗಿಲ್ಲವೆಂದು ಅವನಿಗೆ ಹೇಳಿ ತಲೆ ಬಗ್ಗಿಸಬೇಕಾಗುತ್ತದೆ.

ಇಂತಿ,
ತಮ್ಮ ಕಾರ್ಡಿನಲ್ಲಿರುವವನೇ ಎಂದು ಇನ್ನೂ ಹೇಳಿಕೊಳ್ಳುತ್ತಿರುವ
ತಿಮ್ಮರಾಯಪ್ಪ
ಬೇರಿಕೆ, ಸೆಪ್ಟೆಂಬರ್ 1984