ಮೊಣಕಾಲಿಗೆ ಏನೂ ಆಗಿಲ್ಲ

ಜೂನ್ 3, ಮಂಗಳವಾರ. ಬೆಳಿಗ್ಗೆ 6.20
ಎದ್ದೆ. ಬಲ ಮೊಣಕಾಲಿಗೆ ಪಟ್ಟಿ ಏರಿಸಿಕೊಂಡೆ. ಮೊಣಕಾಲಿಗೆ ಏನೂ ಆಗಿಲ್ಲ. ಇದು ಎಂಬತ್ತೇಳನೇ ದಿನ.
ಹೆಂಡತಿ ಹಾಲು ತರಲು ಹೋದಳು. ಅಂಗಡಿ ನಮ್ಮ ಗೇಟಿನಿಂದ ನಲವತ್ತು ಹೆಜ್ಜೆ. ಹದಿನಾಲ್ಕು ವರ್ಷ ಕಂಡಕ್ಟರ್ ಆಗಿ ಊರೆಲ್ಲ ಸುತ್ತಿದವನು ಕಿಟಕಿಯಲ್ಲಿ ನಿಂತು ನೋಡಿದೆ. ಅವಳು ತಿರುಗಿ ನೋಡಿದಾಗ ಬೇಕೆಂದೇ ಕುಂಟಿದೆ. ಥೂ.

ಜೂನ್ 5, ಗುರುವಾರ. 11.00
ಡ್ರೈವರಣ್ಣ ಬಂದಿದ್ದ. ಎಂಟು ವರ್ಷದಿಂದ ಒಂದೇ ಬಸ್ಸು, ಅವನು ಮುಂದೆ, ನಾನು ಹಿಂದೆ.
"ಏನಪ್ಪಾ, ಮಹಾರಾಜ್ರು ಇನ್ನೂ ಸಿಂಹಾಸನ ಬಿಟ್ಟು ಇಳಿದಿಲ್ವಾ?"
ನೋವಿನ ಎಣ್ಣೆ ತಂದಿದ್ದ. ತಾನೇ ನೆಲದ ಮೇಲೆ ಕೂತು ನನ್ನ ಕಾಲು ತಿಕ್ಕಿದ. ನಾನು ತಿಕ್ಕಿಸಿಕೊಂಡೆ!
ಇದೆಲ್ಲ ಶುರುವಾದದ್ದು ಮಾರ್ಚ್ ಎಂಟರಂದು. ಫ್ಲೈಓವರ್ ಮೇಲೆ ಜಾಮ್, ಬಸ್ಸು ತೆವಳುತ್ತಿತ್ತು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಬೆರಳು ಜೋಮು ಹಿಡಿದವು, ಉಸಿರು ಸಿಗಲಿಲ್ಲ. ಸತ್ತೆ ಅಂದುಕೊಂಡೆ. ಒಂದು ವಿಸಿಲ್ ಹೊಡೆದು ಬಸ್ಸು ನಿಲ್ಲಿಸಿ ಜನರನ್ನು ಸೀಳಿಕೊಂಡು ಇಳಿದೆ. ಕೆಳಗೆ ಮಂಡಿ ಹಿಡಿದು ಕುಸಿದೆ. ಡ್ರೈವರಣ್ಣ ಓಡಿ ಬಂದ. "ಕಾಲಾ?" ಅಂದ. ಹೂಂ ಅಂದೆ. ಆ ಒಂದು ಹೂಂ ಇಲ್ಲಿಯವರೆಗೆ ಬಂದಿದೆ.
ಇಳಿಯುವಾಗ ಬಸ್ಸಿನ ಬಾಗಿಲಲ್ಲಿದ್ದ ಒಬ್ಬ ಅಜ್ಜಿಯನ್ನು ಮೊಣಕೈಯಿಂದ ತಳ್ಳಿದ್ದೆ. ಇದನ್ನು ಯಾರಿಗೂ ಹೇಳಿಲ್ಲ.

ಜೂನ್ 9, ಸೋಮವಾರ. ಮಧ್ಯಾಹ್ನ 3.10
ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳಿಸದಂತೆ, ಮನೋವೈದ್ಯೆಗೆ ಫೋನ್ ಮಾಡಿದೆ.
"ಅದು ಪ್ಯಾನಿಕ್ ಅಟ್ಯಾಕ್. ಪ್ರಾಣ ಹೋಗುತ್ತೆ ಅನ್ಸುತ್ತೆ, ಸ್ವಲ್ಪ ಹೊತ್ತಲ್ಲಿ ತಾನೇ ಇಳಿಯುತ್ತೆ. ಆಮೇಲೆ ಏನೇನು ಬಿಟ್ರಿ?"
ಮೊದಲು ಬಸ್ಸು. ಆಮೇಲೆ ಬಸ್ ಸ್ಟಾಪು. ಮಾರ್ಕೆಟ್ಟು. ಹಾಲಿನಂಗಡಿ. ಈಗ ಗೇಟು.
"ನಿಮಗೆ ಭಯ ಇರೋದು ರಸ್ತೆದಲ್ಲ. ರಸ್ತೇಲಿ ಮತ್ತೆ ಅದು ಬಂದು, ತಪ್ಪಿಸ್ಕೊಳ್ಳೋಕೆ ಆಗ್ದೆ ಹೋದ್ರೆ ಅನ್ನೋದು. ಅಗೋರಫೋಬಿಯಾ ಅಂತಾರೆ. ಬಿಟ್ಟಷ್ಟೂ ಬೆಳೆಯುತ್ತೆ. ವಾಸಿ ಮಾಡ್ಬಹುದು. ಬಿಟ್ಟ ಸ್ಟಾಪುಗಳನ್ನ ಒಂದೊಂದೇ ವಾಪಸ್ ಹಿಡೀಬೇಕು. ಮೊದ್ಲು ಮನೇಲಿ ನಿಜ ಹೇಳಿ."
ಹೇಳುತ್ತೇನೆ ಎಂದೆ. ಅದೂ ಸುಳ್ಳು.

ಜೂನ್ 14, ಶನಿವಾರ. ಬೆಳಿಗ್ಗೆ 9.00
ಮಗಳ ಸ್ಕೂಲಿನಲ್ಲಿ ಇವತ್ತು ಓಟ. ಹತ್ತು ವರ್ಷದವಳು, ಎಂಟು ಗಂಟೆಗೇ ಶೂ ಕಟ್ಟಿ ಕೂತಿದ್ದಳು. "ಅಪ್ಪಾ, ಆಟೋದಲ್ಲಿ ಹೋಗೋಣ. ನೀನು ಸುಮ್ನೆ ಕುರ್ಚಿ ಮೇಲೆ ಕೂತಿದ್ರೆ ಸಾಕು."
ಹೊರಟೆ. ಪ್ಯಾಂಟಿನ ಮೇಲೆಯೇ ಪಟ್ಟಿ, ಎಲ್ಲರಿಗೂ ಕಾಣಲಿ ಎಂದು. ಗೇಟಿನ ಚಿಲಕಕ್ಕೆ ಕೈ ಹಾಕಿದೆ... ಮತ್ತೆ ಅದೇ. ಎದೆ, ಬೆರಳು, ಉಸಿರು. ಅಯ್ಯೋ ಎಂದು ಮಂಡಿ ಹಿಡಿದು ಕೂತೆ.
ಹಿಡಿದದ್ದು ಎಡಗಾಲು. ಪಟ್ಟಿ ಇದ್ದದ್ದು ಬಲಗಾಲಿಗೆ.
ಮಗಳು ಎರಡನ್ನೂ ನೋಡಿದಳು. ಅಮ್ಮನ ಕೈ ಹಿಡಿದು ಹೋದಳು.

ಅದೇ ದಿನ, ಸಂಜೆ 5.30
"ಯಾವ ಕಾಲಪ್ಪಾ?"
ನಾನು ಪಟ್ಟಿ ಸರಿಮಾಡಿಕೊಂಡೆ.
"ನಾನು ಯಾವಾಗ್ಲೂ ಲಾಸ್ಟ್ ಬರ್ತೀನಿ ಅಂತ ನಿಂಗೆ ನಾಚಿಕೆನಾ? ಅದಕ್ಕೇ ಬರ್ಲಿಲ್ವಾ?"
ಭೂಮಿ ಬಾಯಿಬಿಡಬಾರದೇ ಅನಿಸಿತು. ಮೂರು ತಿಂಗಳಿಂದ ನಾಚಿಕೆಪಟ್ಟವನು ನಾನು. ಅದನ್ನು ಈ ಮಗು ತನ್ನದೆಂದುಕೊಂಡಿದೆ.
ಎಲ್ಲ ಹೇಳಿದೆ. ಅಜ್ಜಿಯ ವಿಷಯವನ್ನೂ. ಅತ್ತುಬಿಟ್ಟೆ. ಮಗಳೆದುರು ಅತ್ತದ್ದು ಇದೇ ಮೊದಲು.
ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಕಾಲಲ್ಲ ಅಂತ ಯಾವತ್ತೋ ಗೊತ್ತಾಗಿತ್ತು. ನೀವೇ ಹೇಳ್ಲಿ ಅಂತ ಕಾದೆ. ಮೆಟ್ಟಿಲು ಹತ್ತುವಾಗ ಕುಂಟೋದೇ ಮರೀತಿದ್ರಿ." ಕಣ್ಣೊರೆಸಿಕೊಂಡು ಒಳಗೆ ಹೋದಳು.

ಜೂನ್ 22, ಭಾನುವಾರ. ಬೆಳಿಗ್ಗೆ 6.40
ಎಂಟು ದಿನ ಬರೆದಿಲ್ಲ. ಬರೆಯಲು ಪುರಸೊತ್ತಿರಲಿಲ್ಲ. ಗೇಟು ತೆಗೆಯುವುದು, ನಿಲ್ಲುವುದು. ಆರು ಹೆಜ್ಜೆ. ಹದಿನೈದು. ಗುರುವಾರ ಗೇಟಿನಿಂದಲೇ ಒಳಗೆ ಓಡಿಬಂದೆ. ಡ್ರೈವರಣ್ಣನಿಗೂ ಫೋನಿನಲ್ಲಿ ಹೇಳಿದೆ. "ಹಂಗಾದ್ರೆ ನನ್ನ ಎಣ್ಣೆ ವಾಪಸ್ ಕೊಡು" ಅಂದ.
ಇವತ್ತು ಹಾಲಿನಂಗಡಿ. ನನ್ನ ವಿಸಿಲ್ ಮಗಳ ಕೊರಳಲ್ಲಿದೆ. ನಿಯಮ ಅವಳದೇ: ಒಂದು ಹೊಡೆದರೆ ಇದ್ದಲ್ಲೇ ನಿಲ್ಲಬೇಕು, ಮನೆಗೆ ಓಡಬಾರದು. ಎರಡು ಹೊಡೆದರೆ ನಡೆಯಬೇಕು. ಎದುರುಮನೆಯವರು ಆಗಲೇ ಹೊರಗೆ ನಿಂತಿದ್ದಾರೆ. ನಲವತ್ತೆರಡರ ಗಂಡಸು ಮಗಳ ವಿಸಿಲಿಗೆ ನಡೆಯುವುದನ್ನು ನೋಡುತ್ತಾರೆ. ಕಿವಿಯವರೆಗೆ ನಾಚಿಕೆ. ಎದೆ ಈಗಲೇ ಶುರು ಮಾಡಿದೆ. ಪಟ್ಟಿ ಮೊಳೆಗೆ ನೇತುಹಾಕಿದ್ದೇನೆ.
ಮಗಳು ಗೇಟಿನಾಚೆ ನಿಂತು ನನ್ನನ್ನೇ ನೋಡುತ್ತಿದ್ದಾಳೆ.
ಹೊಡೆದಳು. ಎರಡು.
ಬಂದೆ ಮಗಳೇ, ಇದೊಂದು ಸಾಲು—