ನಾದಿನಿ ಹಿಡಿದ ಸ್ಪ್ಯಾನರ್

ಜೂನ್ ೧೪, ಭಾನುವಾರ

ಕಿರುಚುತ್ತಿದ್ದ ಕಾರಿನ ಎಂಜಿನ್ ಬೆಲ್ಟನ್ನು ಇವರು ಇವತ್ತು ಮನೆ ಮುಂದೆಯೇ ಬದಲಿಸಿದರು. ನಾನು ಪಕ್ಕದಲ್ಲೇ ಇದ್ದೆ; ಫೋನ್ ಮಾಡಿ ಕರೆಸಿದ್ದು ಮಾತ್ರ ತಮ್ಮ ತಂಗಿಯನ್ನು.

ಹಳೇ ಬೆಲ್ಟ್ ಯಾವ ಪುಲಿ ಚಕ್ರವನ್ನು ಹೇಗೆ ಸುತ್ತಿತ್ತೆಂದು, ಬಿಚ್ಚುವ ಮೊದಲೇ ನಾನು ಚಿತ್ರ ಬರೆದಿಟ್ಟಿದ್ದೆ. ನಾದಿನಿ ಆ ಹಾಳೆಗೇ ಗ್ರೀಸ್ ಕೈ ಒರೆಸಿದಳು. "ಅತ್ತಿಗೆ, ನೀವು ಟೀ ಇಡಿ" ಎಂದಳು. ಅವಳು ಸ್ಪ್ಯಾನರ್ ಹಾಕಿ ಬಿಗಿ ಸಡಿಲಿಸಿದಳು, ಇವರು ಹೊಸ ಬೆಲ್ಟ್ ತೊಡಿಸಿದರು. ಇಬ್ಬರಿಗೂ ಒಂದು ಮಾತೂ ಬೇಕಾಗಲಿಲ್ಲ. ಅಡುಗೆಮನೆ ಕಿಟಕಿಯಲ್ಲಿ ನಿಂತು ಹೊಟ್ಟೆ ಉರಿದುಕೊಂಡೆ.

ಊಟಕ್ಕೆ ಕೂತಾಗ ಇವರು, "ಈಗ ಸದ್ದೇ ಇಲ್ಲ ನೋಡು" ಎಂದರು.

"ನೀವು ಸ್ಟಾರ್ಟ್ ಮಾಡಿದಾಗ ನಂಗಿನ್ನೂ ಕೇಳಿಸ್ತಪ್ಪ" ಎಂದು ಸುಳ್ಳು ಹೇಳಿಬಿಟ್ಟೆ. ಮತ್ತೆ ಬಿಚ್ಚುವಾಗ ನನ್ನನ್ನು ಕರೆದಾರೆಂಬ ಆಸೆ.

ಈಗ ಹೊರಗೆ ಫೋನಿನಲ್ಲಿ ಹೇಳುತ್ತಿದ್ದಾರೆ: "ಬೆಳಿಗ್ಗೆ ಬೇಗ ಬಾರೇ. ಟೀ ನಿಮ್ಮತ್ತಿಗೆ ಮಾಡ್ತಾಳೆ."